ಅರೆಹಾಡು

ಮಗು ಮೊದಲ ಸಲ ಕೋಗಿಲೆಯ ಕೂಗಿಗೆ ತಲೆಯೆತ್ತಿದ ದಿನ ನಮ್ಮೂರಿನ ಮನೆಗಳಲ್ಲಿ ಪಾಯಸ ಮಾಡುತ್ತಾರೆ. ಅದು ಸಂತೋಷಕ್ಕೆ ಮಾಡುವ ಪಾಯಸವಲ್ಲ. ಆ ಕೂಗು ಮಗುವಿಗೆ ಇನ್ನು ಈ ಜನ್ಮದಲ್ಲಿ ಕೇಳಿಸುವುದಿಲ್ಲ, ಬಾಯಾದರೂ ಸಿಹಿಯಾಗಲಿ ಎಂದು. ನಮ್ಮೂರಿನ ಕಿವಿಗಳೇ ಹಾಗೆ. ಮಾತು ಎಷ್ಟು ಸಲ ಬೇಕಾದರೂ ಕೇಳಿಸುತ್ತದೆ, ಬೈಗುಳವಂತೂ ಬೇಡವೆಂದರೂ ಕೇಳಿಸುತ್ತದೆ. ರಾಗ ಮಾತ್ರ ಒಂದೇ ಸಲ. ಎರಡನೇ ಸಲ ಅದನ್ನು ಯಾರೇ ಹಾಡಲಿ, ಎಲ್ಲೇ ಹಾಡಲಿ, ಕೇಳಿದ್ದವರ ಪಾಲಿಗೆ ಪದವೂ ಇಲ್ಲ, ದನಿಯೂ ಇಲ್ಲ, ಬರೀ ಬಾಯಿ ಆಡುವುದು ಕಾಣುತ್ತದೆ. ಚೈತ್ರ ಬಂದಾಗ ಕೋಗಿಲೆ ಕೊಂಬೆಯ ಮೇಲೆ ಕೂತು ಕೊಕ್ಕು ತೆರೆದು ಮುಚ್ಚುವುದನ್ನು ದೊಡ್ಡವರೆಲ್ಲ ಕತ್ತೆತ್ತಿ ನೋಡುತ್ತೇವೆ, ಯಾರದಾದರೂ ಕೈಗೂಸು ಬೆಚ್ಚಿ ನಕ್ಕರೆ ಓಹೋ ಕೂಗಿತು ಎಂದು ತಿಳಿದುಕೊಳ್ಳುತ್ತೇವೆ.

ಇದ್ದದ್ದರಲ್ಲೇ ಬದುಕು ಸಾಗಬೇಕಲ್ಲ. ಸೊಪ್ಪು ಮಾರುವ ಕರಿಯಮ್ಮ ಮೊದಲು ದಿನಕ್ಕೊಂದು ರಾಗ ಹಿಡಿದು ಕೂಗುತ್ತಿದ್ದಳು. ರಾಗ ಹುಡುಕಿ ಹುಡುಕಿ ಬೇಸತ್ತು ಈಗ ಸ್ಟೀಲ್ ತಟ್ಟೆಗೆ ಸೌಟು ಬಡಿಯುತ್ತಾಳೆ. ತಾಯಂದಿರು ರಾತ್ರಿಗೊಂದು ಹೊಸ ಜೋಗುಳ ಕಟ್ಟುತ್ತಾರೆ. ಮಗು ಮೊಲೆ ಬಿಡುವ ಹೊತ್ತಿಗೆ ಅವರ ಸರಕು ಮುಗಿದಿರುತ್ತದೆ, ಆಮೇಲೆ ಕಥೆ ಹೇಳಿ ಮಲಗಿಸುತ್ತಾರೆ. ಶಾಲೆಯ ಪ್ರಾರ್ಥನೆ ಕೇಳಿಸುವುದು ಅಂದು ಹೊಸದಾಗಿ ಸೇರಿದ ಪುಟಾಣಿಗಳಿಗೆ ಮಾತ್ರ, ಉಳಿದವರೆಲ್ಲ ತಮ್ಮ ದನಿ ತಮಗೇ ಕೇಳದೆ ಗಂಟಲು ಹರಿಯುವಂತೆ ಹಾಡುತ್ತಾರೆ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ಆ ಲೆಕ್ಕದಲ್ಲಿ ನಮ್ಮಷ್ಟು ಬಂಗಾರ ಬಿದ್ದಿರುವ ಊರು ಇನ್ನೊಂದಿಲ್ಲ. ಕೊಳ್ಳುವವರು ಮಾತ್ರ ಯಾರೂ ಬರಲಿಲ್ಲ.

ಇಂಥ ಊರಿಗೆ ನಾನು ಸಂಗೀತದ ಮೇಷ್ಟ್ರು. ಹೆಸರು ತಿಪ್ಪೇರುದ್ರಪ್ಪ. ಹಾಡಲು ಕಲಿಸುವವನಲ್ಲ, ಆರು, ಏಳನೇ ಕ್ಲಾಸಿನ ಮಕ್ಕಳಿಗೆ ಹಾಡನ್ನು ಕೇಳುವುದು ಹೇಗೆಂದು ಕಲಿಸುವವನು. "ಕೇಳೋದಕ್ಕೂ ಒಬ್ಬ ಮೇಷ್ಟ್ರು ಬೇಕೇನ್ರೀ?" ಎಂದು ಹೊರಗಿನಿಂದ ಬಂದವರು ನಗುತ್ತಾರೆ. ನಮ್ಮೂರಿನವರು ನಗುವುದಿಲ್ಲ. ಒಂದೇ ಸಲ ಸಿಗುವುದನ್ನು ಆಕಳಿಸುತ್ತಲೋ ಪಕ್ಕದವನನ್ನು ಚಿವುಟುತ್ತಲೋ ಕಳೆದುಕೊಂಡ ಸಂಕಟ ಅವರಲ್ಲಿ ಎಲ್ಲರಿಗೂ ಗೊತ್ತು.

ಮೊದಲು ಪಾಠಕ್ಕೆ ಹಾಡುಗಳೇ ಸಾಲುತ್ತಿರಲಿಲ್ಲ. ಊರಿಗೆ ಬಂದ ಜೋಗಿಯನ್ನೋ ಬಳೆಗಾರನನ್ನೋ ಕಾಫಿ ಕೊಟ್ಟು ಕರೆತಂದು, ಗೊತ್ತಿರುವುದೊಂದನ್ನು ಹಾಡಿಸುತ್ತಿದ್ದೆ. ಆಮೇಲೆ ಶಾಲೆಗೆ ಇಂಟರ್ನೆಟ್ ಬಂತು, ಏಳನೇ ಕ್ಲಾಸಿನ ಗೋಡೆಗೆ ದೊಡ್ಡ ಪರದೆ ಬಂತು, ದೂರದ ಯಾವುದೋ ಕಂಪನಿಯ ಆನ್‌ಲೈನ್ ಪಾಠಗಳು ಬಂದವು. ದೇಶದೇಶದ ಹಾಡುಗಳು, ಮುಗಿಯದಷ್ಟು. ನನಗೆ ಬಡವನ ಮನೆಗೆ ಕಣಜ ಬಂದಂತಾಯಿತು. ಪಾಠ ನಡೆಸಿಕೊಡುವ ಹುಡುಗಿಯನ್ನು ಮಕ್ಕಳು ಪರದೆಯಕ್ಕ ಎಂದು ಕರೆಯುತ್ತಿದ್ದರು. ಹಾಡು ಮುಗಿದ ಮೇಲೆ ಅವಳು ಹಲ್ಲು ಬಿಟ್ಟು, "ಇಷ್ಟ ಆಯ್ತಾ ಮಕ್ಕಳೇ? ಬನ್ನಿ, ಇನ್ನೊಂದ್ ಸಲ ಕೇಳೋಣ!" ಅನ್ನುತ್ತಿದ್ದಳು. ಕ್ಲಾಸಿಗೆ ಕ್ಲಾಸೇ ಗೊಳ್ಳೆಂದು ನಗುತ್ತಿತ್ತು. ಅವಳ ಕೆಳಗೆ 'ಮತ್ತೆ ಕೇಳಿ' ಎಂಬ ಹಳದಿ ಗುಂಡಿ. ಅದನ್ನು ಒತ್ತದಿದ್ದರೆ ಪಾಠ ಪೂರ್ತಿಯಾಯಿತೆಂದು ಕಂಪನಿ ಒಪ್ಪುತ್ತಿರಲಿಲ್ಲ. ಒತ್ತಿ, ಪರದೆಯ ಮೇಲೆ ಸದ್ದಿಲ್ಲದ ಹಾಡು ಮುಗಿಯುವವರೆಗೆ ಮಕ್ಕಳು ಗಣಿತದ ಹೋಂವರ್ಕ್ ಮಾಡಿಕೊಳ್ಳುತ್ತಿದ್ದರು.

ಪಾಠ ಮಾಡುವವನು ಮೊದಲೇ ಪಾಠವನ್ನು ನೋಡಿಕೊಂಡಿರಬೇಕು ಎಂಬುದು ಬೇರೆ ಊರುಗಳ ನಿಯಮ. ನಮ್ಮಲ್ಲಿ ಹಾಗೆ ಮಾಡಿದರೆ ಮೇಷ್ಟ್ರು ಕ್ಲಾಸಿನಲ್ಲಿ ಕಿವುಡನಾಗಿ ಕೂರಬೇಕು. ಆದ್ದರಿಂದ ನಾನು ಯಾವ ಪಾಠವನ್ನೂ ತೆರೆದು ನೋಡುತ್ತಿರಲಿಲ್ಲ, ಮಕ್ಕಳ ಜೊತೆಗೇ ಕೇಳುತ್ತಿದ್ದೆ. ವಯಸ್ಸಾದವನು, ಎಷ್ಟೋ ಹಾಡು ಮೊದಲೇ ಕೇಳಿ ಕಳೆದುಕೊಂಡವನು. ಅಂಥದ್ದು ಬಂದಾಗ ಸುಮ್ಮನೆ ಮಕ್ಕಳ ಮುಖ ನೋಡುತ್ತಿದ್ದೆ. ಮುಗಿದ ಮೇಲೆ ಅವರು ನನಗೆ ಹಾಡನ್ನು ಹೇಳಬೇಕು, ಹಾಡಿ ಅಲ್ಲ, ಮಾತಿನಲ್ಲಿ. ಅದೇ ನನ್ನ ಪಾಠ. ಭುವನಾ ಎಂಬ ಹುಡುಗಿ ಇದರಲ್ಲಿ ಎಲ್ಲರಿಗಿಂತ ಮುಂದೆ. ಒಂದು ಸಲ ಕೊಳಲಿನ ಹಾಡೊಂದರ ಬಗ್ಗೆ, "ಅಮ್ಮ ಬೈದ್ಮೇಲೆ ತಲೆ ಸವರ್ತಾರಲ್ಲ ಸಾರ್, ಆ ಥರ ಇತ್ತು" ಎಂದಿದ್ದಳು. ನಾನು ಆ ಹಾಡನ್ನು ಹುಡುಗನಾಗಿದ್ದಾಗ ಕೇಳಿದ್ದೆ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು.

ಆರನೇ ಕ್ಲಾಸಿಗೆ ಪರದೆ ಇರಲಿಲ್ಲ. ನಮ್ಮ ಹೆಡ್‌ಮಿಸ್ಟ್ರೆಸ್ ಬಾನು ಮೇಡಂ ಅದಕ್ಕೂ ಒಂದು ದಾರಿ ಕಂಡುಕೊಂಡರು. "ನೋಡಕ್ಕಾಗ್ದಿದ್ರೆ ಬೇಡ ಮೇಷ್ಟ್ರೆ, ಕೇಳಕ್ಕಾದ್ರೂ ಕೇಳ್ಲಿ ಪಾಪ" ಎಂದು, ಬಾವುಟದ ದಿನ ಬಳಸುವ ಧ್ವನಿವರ್ಧಕದ ಹಾರನ್ನಿಗೆ ಪರದೆಯಿಂದ ಒಂದು ವೈರು ಎಳೆಸಿದರು. ಆರನೆಯವರು ಅಂಗಳದ ಹೊಂಗೆಮರದ ಕೆಳಗೆ ಕೂತು ಕೇಳುತ್ತಿದ್ದರು. ಸುತ್ತಲ ಬೀದಿಯವರಿಗೂ ಪುಕ್ಕಟೆ ಹಾಡು. ಸಂಗೀತದ ಪೀರಿಯಡ್ಡಿನಲ್ಲಿ ಆಟೋದವರು ಎಂಜಿನ್ ನಿಲ್ಲಿಸಿ ಗೇಟಿನ ಬಳಿ ಕಾಯುವಷ್ಟರ ಮಟ್ಟಿಗೆ ಅದು ಊರಿಗೆ ಒಗ್ಗಿಹೋಯಿತು.

ಈಗ ಅರೆಹಾಡಿನ ವಿಷಯ ಹೇಳಬೇಕು. ನಮ್ಮಲ್ಲಿ ತಾಳಿ ಕಟ್ಟಿದ ಮೇಲೆ ಗಂಡು ಹೆಣ್ಣನ್ನು ಒಂದು ಕೋಣೆಯಲ್ಲಿ ಕೂರಿಸಿ, ಬಾಗಿಲು ಮುಚ್ಚಿ, ಹಾಡುಗಾರ ಒಂದು ಹಾಡು ಶುರುಮಾಡುತ್ತಾನೆ. ಅರ್ಧಕ್ಕೆ ನಿಲ್ಲಿಸಿ ಎದ್ದುಹೋಗುತ್ತಾನೆ. ಉಳಿದರ್ಧ ಹಾಡುವುದು ಇಬ್ಬರಲ್ಲಿ ಒಬ್ಬರಿಗೆ ಕೊನೆಗಾಲ ಬಂದಾಗ, ಇಬ್ಬರೂ ಕೈಹಿಡಿದು ಕೂತಿರುವಾಗ. ಮದುವೆ ಅಂದರೆ ನಮ್ಮೂರಲ್ಲಿ ಅದೇ: ಅರ್ಧ ಕೇಳಿ, ಇನ್ನರ್ಧಕ್ಕೆ ಜೊತೆಯಾಗಿ ಕಾಯುವುದು. ಹಾಗಾಗಿ ಯಾರೂ ಯಾವ ಹಾಡನ್ನೂ ನಡುವೆ ತುಂಡು ಮಾಡುವುದಿಲ್ಲ. ಅರ್ಧ ಕೇಳಿದವರು ಒಬ್ಬರಿಗೊಬ್ಬರು ಕಟ್ಟುಬಿದ್ದ ಹಾಗೆ ಎಂಬ ನಂಬಿಕೆ. ಹಾಡು ಕೊಡುವುದು ಓಬಳಯ್ಯನ ಮನೆತನ. ಅವರು ಊರೂರು ಸುತ್ತಿ, ಒಂದೇ ಸಲ ಕೇಳಿ ಹಾಡನ್ನು ಗಂಟಲಿಗೆ ಇಳಿಸಿಕೊಂಡು ಬರುತ್ತಾರೆ. ಆಮೇಲೆ ಅದು ಅವರಿಗೂ ಕೇಳಿಸದು, ಅಂಗೈಯನ್ನು ಗಂಟಲ ಮೇಲಿಟ್ಟುಕೊಂಡು ಅದರ ನಡುಕದ ಅಂದಾಜಿನಲ್ಲೇ ಹಾಡುತ್ತಾರೆ. ಒಂದು ಜೋಡಿಗೆ ಕೊಟ್ಟ ಹಾಡನ್ನು ಇನ್ನೊಂದಕ್ಕೆ ಕೊಡುವುದಿಲ್ಲ. ಯಾವ ಹಾಡು, ಎಲ್ಲಿಯದು ಎಂದು ಅವರು ಹೇಳುವುದಿಲ್ಲ, ನಾವು ಕೇಳುವುದಿಲ್ಲ. ಕೇಳಿದರೆ ಅಪಶಕುನ.

ನನ್ನ ಹೆಂಡತಿ ಸರ್ವಮಂಗಳೆಗೆ ನಮ್ಮ ಅರೆಹಾಡಿನದೇ ಧ್ಯಾನ. ಜಗಳವಾಡಿದರೂ ಕೊನೆಗೆ, "ಹೋಗ್ಲಿ ಬಿಡಿ, ಇನ್ನರ್ಧ ಕೇಳ್ಬೇಕಲ್ಲ ನಿಮ್ ಜೊತೆ, ಏನ್ ಮಾಡ್ಲಿ" ಎಂದು ಎದ್ದು ಕಾಫಿ ಕಾಸುತ್ತಿದ್ದಳು. ಅವಳಿಗೆ ಕಾಯಿಲೆ ಬಂದು, ದೊಡ್ಡಾಸ್ಪತ್ರೆಯವರು ಕೈಚೆಲ್ಲಿ ಮನೆಗೆ ಕಳಿಸಿದ ಮೇಲೂ ಅದೇ ಮಾತು. ಶಾಲೆಯ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ಕಿಟಕಿಯ ಪಕ್ಕ ಮಂಚ ಹಾಕಿಕೊಟ್ಟಿದ್ದೆ. "ಎಲ್ರೂ ಸಾಯಕ್ಕೆ ಹೆದರ್ತಾರೆ. ನಂಗೆ ಒಂದ್ ಹಾಡು ಬಾಕಿ ಇದೆ ನೋಡ್ರೀ" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಅವಳು ಹೋಗುವುದನ್ನು ನಾನು ತಡೆಯಲಾರೆ. ಆ ಹಾಡನ್ನು ಅವಳ ಜೊತೆ ಕೇಳುವುದೊಂದೇ ನನ್ನ ಕೈಯಲ್ಲಿ ಉಳಿದಿದ್ದ ಕೆಲಸ. ಓಬಳಯ್ಯನಿಗೆ ಹೇಳಿಕಳಿಸಿದೆ. ಹೊತ್ತು ಬಂದಾಗ ಕರೀರಿ, ಊರು ಬಿಟ್ಟು ಹೋಗೋದಿಲ್ಲ ಎಂದು ಅವನು ಮಾತು ಕೊಟ್ಟ.

ತಾನೊಂದು ಬಗೆದರೆ ದೈವವೊಂದು ಬಗೆಯುತ್ತದೆ. ಅವತ್ತು ಬೆಳಿಗ್ಗೆ ಪರದೆಯಕ್ಕ, "ಇವತ್ತು ಮರಳುನಾಡಿನ ಒಂದು ಹಳೇ ಹಾಡು" ಎಂದಳು. ಕೆಂಪು ರುಮಾಲಿನ ಮುದುಕನೊಬ್ಬ ಮೊಣಕಾಲಿಗೆ ತಂಬೂರಿಯಂಥದ್ದನ್ನು ಆನಿಸಿಕೊಂಡು ಬಾಯಿ ತೆರೆದ. ನನಗೇನೂ ಕೇಳಿಸಲಿಲ್ಲ. ಎಲ್ಲೋ ಕೇಳಿದ್ದೇ ಇರಬೇಕು ಅಂದುಕೊಂಡು ಎಂದಿನಂತೆ ಮಕ್ಕಳ ಮುಖ ನೋಡುತ್ತ ಕೂತೆ. ಒಳ್ಳೆಯ ಹಾಡೇ ಇರಬೇಕು, ಹಿಂದಿನ ಬೆಂಚಿನ ತುಂಟರು ಕೂಡ ಅಲುಗಾಡುತ್ತಿರಲಿಲ್ಲ. ಭುವನಾಳ ಬಾಯಿ ತೆರೆದೇ ಇತ್ತು. ಆಗ ಇದ್ದಕ್ಕಿದ್ದ ಹಾಗೆ ಮುದುಕನ ದನಿ ನನ್ನ ಕಿವಿಗೆ ಬಿತ್ತು. ಮೊದಲಿನಿಂದಲ್ಲ, ನಡುವಿನಿಂದ, ಮುಚ್ಚಿದ್ದ ಬಾಗಿಲು ತೆರೆದ ಹಾಗೆ. ನಡುವಿನಿಂದ ಶುರುವಾಗುವ ಹಾಡು ನಮ್ಮೂರಿನವನಿಗೆ ಬದುಕಿನಲ್ಲಿ ಒಂದೇ ಒಂದು.

ನಿಲ್ಲಿಸಿಬಿಡೋಣವೆಂದು ಕೈ ಮುಂದೆ ಹೋಯಿತು. ಆದರೆ ಕ್ಲಾಸಿನ ತುಂಬ ಮಕ್ಕಳು, ಹೊರಗೆ ಮರದ ಕೆಳಗೆ ಇನ್ನಷ್ಟು ಮಕ್ಕಳು. ಆ ಎಳೆಯವರನ್ನೆಲ್ಲ ಅರ್ಧ ಹಾಡಿಗೆ ಕಟ್ಟಿಹಾಕಿ ಊರವರಿಗೆ ಹೇಗೆ ಮುಖ ತೋರಿಸಲಿ? ಎರಡೂ ಅಂಗೈಯಲ್ಲಿ ಕಿವಿ ಮುಚ್ಚಿಕೊಂಡು ಹೊರಗೆ ಓಡಿದೆ. ಹಾರನ್ನು ಮರೆತೇಹೋಗಿತ್ತು. ಅಂಗಳದಲ್ಲಿ ಆ ದನಿ ಕ್ಲಾಸಿನಲ್ಲಿದ್ದದ್ದಕ್ಕಿಂತ ಹತ್ತುಪಟ್ಟು ದೊಡ್ಡದಾಗಿ ತಲೆಯ ಮೇಲೆಯೇ ಸುರಿಯಿತು. ಗೇಟು ದಾಟಿದರೂ ಬಂತು, ಬೀದಿ ತಿರುಗಿದರೂ ಬಂತು. ಅಂಗೈ ಎಷ್ಟು ಒತ್ತಿದರೂ ಬೆರಳ ಸಂದಿಯಿಂದ, ಕೆನ್ನೆಯ ಮೂಳೆಯಿಂದ ಒಳಗಿಳಿಯಿತು. ಕೊನೆಯ ಸಾಲಿನ ಹೊತ್ತಿಗೆ ನಾನು ಓಡುವುದನ್ನು ಬಿಟ್ಟು ಗಿರಣಿಯ ಗೋಡೆಗೆ ಒರಗಿ ನಿಂತಿದ್ದೆ. ಎಂಥ ಹಾಡು ಅದು! ಬದುಕೆಲ್ಲ ಕಾದದ್ದಕ್ಕೆ ತಕ್ಕ ಹಾಡು. ಅದು ಚೆನ್ನಾಗಿಲ್ಲದಿದ್ದರೆ ಎಷ್ಟೋ ಬೇಕಾಗಿತ್ತು.

ಆಮೇಲೆ ಹೊಳೆಯಿತು: ಮಂಗಳ! ಮತ್ತೆ ಓಡಿದೆ. ದಾರಿಯಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂತ ಮುದುಕಿ, "ಇವತ್ತಿಂದು ಭಾಳ ಚೆನ್ನಾಗಿತ್ತು ಮೇಷ್ಟ್ರೆ, ಕಣ್ಣಲ್ ನೀರ್ ಬಂತು" ಎಂದಳು. ನಾನು ನಿಲ್ಲದೆ ಮುಂದೆ ಓಡಿದೆ. ಮನೆಗೆ ಬಂದರೆ ಕಿಟಕಿ ಮುಚ್ಚಿತ್ತು. ಮಂಗಳ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನನ್ನ ಹೆಜ್ಜೆ ಸದ್ದಿಗೆ ನಿಧಾನವಾಗಿ ಮಗ್ಗುಲಾದಳು.

"ಏನ್ರೀ, ಇಷ್ಟ್ ಬೇಗ? ಯಾಕ್ ಹಿಂಗ್ ಏದುಸಿರು ಬಿಡ್ತಿದೀರಾ?" ಎಂದಳು. ನಾನು, ಏನಿಲ್ಲ, ಕನ್ನಡಕ ಮರೆತು ಹೋಗಿದ್ದೆ ಎಂದೆ. ಕನ್ನಡಕ ಮೂಗಿನ ಮೇಲೇ ಇತ್ತು. ಆಮೇಲೆ ಧೈರ್ಯ ಮಾಡಿ, "ಸ್ಕೂಲಿಂದ ಏನಾದ್ರೂ ಕೇಳಿಸ್ತಾ?" ಎಂದೆ. ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. "ಇಲ್ವಲ್ಲ. ಮಾತ್ರೆ ತಗೊಂಡಿದ್ನಲ್ಲ, ಮಂಪರು. ಯಾಕೆ, ಏನಾಯ್ತು?" ಎಂದಳು. ಏನೂ ಇಲ್ಲ ಎಂದು ನಾನು ಅವಳ ಹೊದಿಕೆ ಸರಿಮಾಡಿದೆ. ಹೋದರೆ ನನ್ನದೊಂದೇ ಹೋಯಿತು, ಅವಳದು ಉಳಿಯಿತಲ್ಲ ಎಂದು ಹಿತ್ತಿಲಿಗೆ ಹೋಗಿ ಮನಸಾರೆ ಅತ್ತೆ.

ಮಾರನೆಯ ದಿನ ಕ್ಲಾಸಿಗೆ ಹೋದರೆ ಬಾನು ಮೇಡಂ ಬಾಗಿಲಲ್ಲೇ ನಿಂತಿದ್ದರು. "ಮಕ್ಕಳನ್ನ ಬಿಟ್ಟು ಹಂಗೆ ಓಡ್ಬಾರ್ದು ಮೇಷ್ಟ್ರೆ" ಎಂದರು. ಮನೆಯ ಪರಿಸ್ಥಿತಿ ನೆನಪಾಗಿ ಅಷ್ಟಕ್ಕೇ ನಿಲ್ಲಿಸಿದರು. ಒಳಗೆ ಭುವನಾ ಎದ್ದುನಿಂತಳು. "ಸಾರ್, ನೀವು ಪೂರ್ತಿ ಕೇಳ್ಲೇ ಇಲ್ಲ, ಓಡ್ಹೋದ್ರಿ. ನಾವು ಹೇಳ್ತೀವಿ, ಕೂತ್ಕೊಳ್ಳಿ." ನಾನೇ ಕಲಿಸಿದ ಪಾಠ, ಅದನ್ನು ಅವರು ಪ್ರೀತಿಯಿಂದ ನನಗೇ ಒಪ್ಪಿಸುತ್ತಿದ್ದರು. "ಮೊದ್ಲು ಯಾರೋ ಬಾಗಿಲಾಚೆ ನಿಂತು ಒಳಗ್ ಬರ್ಲಾ ಬೇಡ್ವಾ ಅಂತ ಯೋಚಿಸ್ತಾ ಇದ್ದಂಗಿತ್ತು ಸಾರ್. ಆಮೇಲೆ ಒಳಗೆ ಬಂದ್ರು. ಬಂದು, ಇನ್ನು ಹೋಗಲ್ಲ ಅಂತ ಚಪ್ಪಲಿ ಬಿಟ್ರು." ಹಿಂದಿನ ಬೆಂಚಿನವನೊಬ್ಬ, "ಹೋಗಲ್ಲ ಅಂದಿದ್ದಲ್ಲ ಸಾರ್, ಹೋಗ್ಬೇಕು ಅಂತ ಗೊತ್ತಿದ್ರೂ ಕೂತ್ಕೊಂಡಿದ್ದು" ಎಂದ. ಅದರ ಮೇಲೆ ಅವರಲ್ಲಿ ದೊಡ್ಡ ಚರ್ಚೆ ನಡೆಯಿತು. ಅಷ್ಟು ಒಳ್ಳೆಯ ಪಾಠ ನನ್ನ ಜೀವಮಾನದಲ್ಲಿ ಆಗಿರಲಿಲ್ಲ. ನಾನು ಕರಿಹಲಗೆಯ ಕಡೆ ತಿರುಗಿ, ಏನೂ ಬರೆದಿರದ ಹಲಗೆಯನ್ನು ಒರೆಸುತ್ತಿದ್ದೆ.

ಓಬಳಯ್ಯನ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವನಿಗೂ ಮುಖ ಕಪ್ಪಿಟ್ಟಿತು. "ನಮ್ ಅಪ್ಪ ಆ ಕಡೆ ಎಲ್ಲಿಂದಲೋ ತಂದು ನಂಗೆ ಕೊಟ್ಟಿದ್ದು ಅದು. ಹಾಡಿಗೇನು ಬೇಲಿ ಹಾಕಿರ್ತಾರಾ ಮೇಷ್ಟ್ರೆ, ತಿರುಗಾಡ್ಕೊಂಡು ಬಂದುಬಿಟ್ಟಿದೆ" ಎಂದ. ಬೇರೆ ಹಾಡು ಕೊಡಲಾಗುವುದೇ ಎಂದು ಕೇಳಿದೆ. "ಅರೆಹಾಡಿಗೆ ಬದಲಿ ಇಲ್ಲ. ಆಯಮ್ಮಂದು ಇನ್ನೂ ಇದೆಯಲ್ಲ, ಆಯಮ್ಮ ಕೇಳ್ಲಿ. ನೀವು ಕೇಳ್ತಿರೋ ಹಂಗೆ ಕೂತ್ಕೊಳ್ಳಿ. ಕಷ್ಟ ಏನಿಲ್ಲ, ನಾನು ದಿನಾ ಮಾಡೋದು ಅದೇ ತಾನೆ? ಮುಗಿದಾಗ ಗಂಟಲಿಂದ ಕೈ ಇಳಿಸ್ತೀನಿ, ನೋಡ್ಕೊಳ್ಳಿ" ಎಂದ. ನಾನು ಒಪ್ಪಿದೆ. ಅಷ್ಟು ವರ್ಷ ಇಬ್ಬರೂ ಕಾದದ್ದು ಒಬ್ಬರಿಗಾದರೂ ದಕ್ಕಬೇಕು. ತಾನು ಒಂಟಿಯಾಗಿ ಕೇಳುತ್ತಿದ್ದೇನೆ ಎಂಬುದು ಮಂಗಳೆಗೆ ಗೊತ್ತಾಗಬಾರದು, ಅಷ್ಟೇ ನನ್ನ ಹರಕೆ.

ಅಂದಿನಿಂದ ಅವಳ ಎದುರು ಕೂರುವುದೇ ಒಂದು ಶಿಕ್ಷೆಯಾಯಿತು. ಅವಳೇನೋ ಮೊದಲಿನಂತೆಯೇ ಇದ್ದಳು. ಬದಲಿಗೆ ಹಾಡಿನ ಮಾತನ್ನು ಮೊದಲಿಗಿಂತ ಹೆಚ್ಚೇ ಆಡುತ್ತಿದ್ದಳು. "ಹೆಂಗಿರತ್ತೋ ಏನೋ ಅಲ್ವಾ?" ಎಂದು ಕೇಳಿದಾಗ ಹೆಂಗಿರತ್ತೋ ಎಂದು ನಾನೂ ಅನ್ನುತ್ತಿದ್ದೆ. ಬಾಯಿಯ ತನಕ ಬಂದ ಹಾಡನ್ನು ತುತ್ತಿನಂತೆ ನುಂಗುತ್ತಿದ್ದೆ. ಬಾನು ಮೇಡಂಗೆ ಹೇಳಿ ಹಾರನ್ನಿನ ವೈರು ತೆಗೆಸಿದೆ. ಆರನೆಯವರು ಸಪ್ಪೆ ಮೋರೆ ಹಾಕಿಕೊಂಡು ಮತ್ತೆ ಒಳಗೆ ಹೋದರು.

ಹೊತ್ತು ಬಂದದ್ದು ಒಂದು ಮಧ್ಯಾಹ್ನ, ಊಟದ ಎಲೆ ಎತ್ತುವ ಸಮಯದಲ್ಲಿ. ಮಂಗಳೆಯ ಅಕ್ಕ ತಂಗಿಯರು ಪದ್ಧತಿಯಂತೆ ಎದ್ದು ಬೀದಿಯ ಕೊನೆಯವರೆಗೆ ಹೋಗಿ ನಿಂತರು. ಓಬಳಯ್ಯ ಕೈಕಾಲು ತೊಳೆದು ಬಂದು ಚಾಪೆಯ ಮೇಲೆ ಕೂತ. ನಾನು ಮಂಚದ ಮೇಲೆ ಕೂತು ಅವಳ ಕೈ ಹಿಡಿದುಕೊಂಡೆ. ಕಡ್ಡಿಯಷ್ಟಾಗಿತ್ತು ಆ ಕೈ. "ಸರಿಯಾಗ್ ಕೇಳಿಸ್ಕೊಳ್ಳಿ ಮತ್ತೆ, ಮಕ್ಕಳ ಥರ ಆ ಕಡೆ ಈ ಕಡೆ ನೋಡ್ಬೇಡಿ" ಎಂದು ಅವಳು ನನಗೇ ಹೇಳಿ ಕಣ್ಣು ಮುಚ್ಚಿದಳು. ಓಬಳಯ್ಯ ಅಂಗೈಯನ್ನು ಗಂಟಲ ಮೇಲಿಟ್ಟು ಬಾಯಿ ತೆರೆದ. ಕೋಣೆಯಲ್ಲಿ ಗೋಡೆ ಗಡಿಯಾರದ ಸದ್ದು ಬಿಟ್ಟರೆ ನನಗೆ ಬೇರೇನೂ ಇರಲಿಲ್ಲ.

ಅವಳ ಮುಖದಲ್ಲಿ ನಗು ಮೂಡಿತು. ಬೆರಳಿನಿಂದ ನನ್ನ ಅಂಗೈಯಲ್ಲಿ ಮೆಲ್ಲಗೆ ತಾಳ ಹಾಕತೊಡಗಿದಳು. ಕೇಳುತ್ತಿದ್ದಾಳೆ, ಅವಳಿಗಾದರೂ ಕೇಳಿಸುತ್ತಿದೆ ಎಂದು ನನಗೆ ಆದ ಸಮಾಧಾನ ಹೇಳತೀರದು. ನಾನೂ ತಲೆದೂಗಿದೆ, ಒಂದೆರಡು ಸಲ ಆಹಾ ಎಂದೆ. ಓಬಳಯ್ಯನ ಕುತ್ತಿಗೆಯ ನರ ಉಬ್ಬಿತ್ತು. ಯಾರೂ ಇಷ್ಟು ಪ್ರೀತಿಯಿಂದ ಹಾಡಿದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಅವನ ಬಾಯಿ ಮುಚ್ಚಿತು. ಗಂಟಲ ಮೇಲಿನ ಕೈ ಕೆಳಗಿಳಿಯಿತು. ಹಾಡು ಮುಗಿದಿತ್ತು.

ಮಂಗಳೆಯ ಬೆರಳು ಮಾತ್ರ ನಿಲ್ಲಲಿಲ್ಲ. ಕಣ್ಣು ಮುಚ್ಚಿಕೊಂಡೇ, ಅದೇ ನಗು ಹೊತ್ತು, ತಾಳ ಹಾಕುತ್ತಲೇ ಇದ್ದಳು. ಓಬಳಯ್ಯ ನನ್ನನ್ನು ನೋಡಿದ, ನಾನು ಓಬಳಯ್ಯನನ್ನು ನೋಡಿದೆ. ಇಬ್ಬರಿಗೂ ಒಟ್ಟಿಗೇ ತಿಳಿಯಿತು: ಅವಳಿಗೂ ಏನೂ ಕೇಳಿಸುತ್ತಿರಲಿಲ್ಲ. ಅವನು ಏನೋ ಹೇಳಲು ಹೊರಟವನು, ನಾನು ಬೇಡವೆಂದು ತಲೆಯಾಡಿಸಿದ್ದು ಕಂಡು, ಅಂಗೈಯನ್ನು ಮತ್ತೆ ಗಂಟಲಿಗೆ ಒಯ್ದು ತಲೆ ತಗ್ಗಿಸಿದ. ಕನ್ನಡಕ ಮೂಗಿನ ಮೇಲಿಟ್ಟುಕೊಂಡು ಕನ್ನಡಕ ಮರೆತೆನೆಂದ ಗಂಡನನ್ನು ಕಂಡ ಕೂಡಲೇ ಅವಳಿಗೆ ಎಲ್ಲ ಗೊತ್ತಾಗಿತ್ತು. ಹೆಂಡತಿಯ ಹಾಡನ್ನು ನನ್ನ ಪಾಠದಲ್ಲಿ ನಾನೇ ಕಳೆದೆ ಎಂಬ ಭಾರವನ್ನು ನಾನು ಹೊರಬಾರದೆಂದು, ಇಷ್ಟು ದಿನವೂ ಒಂದು ಹಾಡು ಬಾಕಿ ಇರುವವಳಂತೆ ಬದುಕಿದ್ದಳು.

ನಾನು ಅವಸರ ಮಾಡಲಿಲ್ಲ. ಅವಳ ತಾಳಕ್ಕೆ ನನ್ನ ಬೆರಳನ್ನೂ ಸೇರಿಸಿದೆ. ಅವಳಿಗೆ ದಣಿವಾಗತೊಡಗಿದಾಗ, ಮುಗಿಯಿತು ಎನ್ನುವ ಹಾಗೆ ಕೈಯನ್ನು ಒಮ್ಮೆ ಅದುಮಿದೆ. ಅವಳು ಕಣ್ಣು ತೆರೆದಳು.

"ಚೆನ್ನಾಗಿತ್ತಲ್ವಾ ರೀ?" ಎಂದಳು.

"ತುಂಬ ಚೆನ್ನಾಗಿತ್ತು ಕಣೇ" ಎಂದೆ.

ಇಬ್ಬರೂ ಸುಳ್ಳು ಹೇಳಲಿಲ್ಲ. ಆ ಉಳಿದರ್ಧವನ್ನು ನಾವು ಒಂದೇ ಹೊತ್ತಿಗೆ ಕೇಳಿದ್ದೆವು. ಅವಳು ಗೋಡೆಗೆ ಮುಖ ಮಾಡಿ ಮಂಚದ ಮೇಲೆ, ನಾನು ಕಿವಿ ಮುಚ್ಚಿಕೊಂಡು ಬೀದಿಯಲ್ಲಿ.